ಮಕ್ಕಳ ಆರೋಗ್ಯ: ಬೆಳೆಗಾರರ ಹೊಣೆ



ಕಾಸರಗೋಡು ಜಿಲ್ಲೆಯ ಸರಕಾರಿ ಗೇರುತೋಟಗಳಿಗೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ತೋಟಗಳು ಗುಡ್ಡದ ಮೇಲೆ. ಮನೆ, ಬಾವಿ, ತೋಡುಗಳು ತಗ್ಗಿನಲ್ಲಿ. ಅಡಿಕೆ ಕೃಷಿಕರ ಊರಾದ ಪಡ್ರೆಯಲ್ಲಿ ಅಂಗವೈಕಲ್ಯ, ಅಪಸ್ಮಾರ, ಬುದ್ಧಿಮಾಂದ್ಯಗಳ ಮಕ್ಕಳು ಹೆಚ್ಚಾಗಿರುವುದನ್ನು ಕಂಡು ದನಿಯೆತ್ತಿದವರು ಹಳ್ಳಿಯ ವೈದ್ಯ ಡಾ. ಮೋಹನ ಕುಮಾರ್. ಪೆರಿಯದ ಲೀಲಾಕುಮಾರಿ ಅಮ್ಮ 1998ರಲ್ಲಿ ನ್ಯಾಯಾಲಯದಿಂದ ತಡೆಯಾಜ್ಞೆ ತಂದರು. ಕೊನೆಗೆ 2011ರ ಮೇ 13ರಂದು ಸುಪ್ರೀಂ ಕೋರ್ಟು ದೇಶಾದ್ಯಂತ ಅದರ ತಯಾರಿಕೆ, ಮಾರಾಟ, ಬಳಕೆಗಳನ್ನು ತಡೆಯಿತು. ಇವರಾರೂ ಅಧಿಕಾರಸ್ಥರಲ್ಲ, ಕಂಡದ್ದನ್ನು ಕಂಡಂತೆ ಹೇಳಿ, ಹಿಂದೆಗೆಯದೆ ನಿಂತವರು.

ಮಕ್ಕಳಿಗೇ ಅಪಾಯ ಹೆಚ್ಚೇಕೆ? ದೇಹತೂಕಕ್ಕೆ ಹೋಲಿಸಿದರೆ ಅವರು ನಮಗಿಂತ ಹೆಚ್ಚು ಗಾಳಿ, ನೀರು, ಆಹಾರ ಸೇವಿಸುತ್ತಾರೆ. ನೆಲದಲ್ಲಿ ಆಡಿ ಕೈಯನ್ನು ಬಾಯಿಗಿಡುತ್ತಾರೆ. ಮಿದುಳು ಇನ್ನೂ ಬೆಳೆಯುತ್ತಿರುತ್ತದೆ.

ನಿಷೇಧ ಒಂದು ಔಷಧಿಗಾಯಿತು. ನಮ್ಮ ಉಗ್ರಾಣದಲ್ಲಿ ಬೇರೆಯವು ಇವೆ. ಖಾಲಿ ಡಬ್ಬಗಳನ್ನು ತೊಳೆದು ಲೈನಿನ ಮನೆಗಳಿಗೆ ನೀರು ತುಂಬಲು ಕೊಟ್ಟ ತಪ್ಪು ನಮ್ಮ ತೋಟದಲ್ಲೂ ನಡೆದಿದೆ. ಆದ್ದರಿಂದ:

1. ಔಷಧಿ ಬೆರೆಸುವಲ್ಲಿ, ಸಿಂಪಡಿಸುವಲ್ಲಿ ಮಕ್ಕಳಿರಕೂಡದು.
2. ಔಷಧಿಯನ್ನು ಬೀಗದಲ್ಲಿಡಿ; ಬೇರೆ ಸೀಸೆಗೆ ಸುರಿಯದಿರಿ.
3. ಖಾಲಿ ಡಬ್ಬವನ್ನು ಮತ್ತೆ ಬಳಸದಂತೆ ಜಜ್ಜಿರಿ.
4. ಸಿಂಪಡಿಸಿದ ಬಟ್ಟೆಯನ್ನು ಬೇರೆಯಾಗಿ ಒಗೆಸಿ. ಸ್ನಾನವಾಗದೆ ಮಗುವನ್ನು ಎತ್ತಿಕೊಳ್ಳಬೇಡಿ.
5. ಸಿಂಪಡಿಸುವ ದಿನವನ್ನು ನೆರೆಯವರಿಗೂ ಶಾಲೆಗೂ ಮುಂಚಿತವಾಗಿ ತಿಳಿಸಿ.

ಬರುವ ಮಹಾಸಭೆಯಲ್ಲಿ ಇದನ್ನೇ ನಿರ್ಣಯವಾಗಿ ಮಂಡಿಸಲಿದ್ದೇವೆ. ನೆರೆಯ ತೋಟದಲ್ಲಿ ತಪ್ಪು ಕಂಡರೆ ಸುಮ್ಮನಿರದೆ ಹೇಳಿರಿ. ನಮ್ಮಲ್ಲಿ ಕಂಡರೆ ಮೊದಲು ನಮಗೇ ಹೇಳಿರಿ.