ಹಾಸನ–ಮಂಗಳೂರು ರೈಲು ಮಾರ್ಗ: ವರ್ತಕರು ಗಮನಿಸಬೇಕಾದ ಅಂಶಗಳು

ನವಮಂಗಳೂರು ಬಂದರನ್ನು ರಾಜ್ಯದ ಒಳನಾಡಿಗೆ ಜೋಡಿಸುವ ಹಾಸನ–ಮಂಗಳೂರು ರೈಲು ಮಾರ್ಗದ ಉದ್ದ ಸುಮಾರು 189 ಕಿ.ಮೀ. ಮಾತ್ರ. ಆದರೆ ಅದರ ಮಹತ್ವವಿರುವುದು ಅದು ಬೆಸೆಯುವ ಮಾರ್ಗಗಳಲ್ಲಿ. ಹಾಸನದಿಂದ ಅರಸೀಕೆರೆಯ ಮೂಲಕ ಹುಬ್ಬಳ್ಳಿಯ ಕಡೆಗೂ, ಹೊಳೆನರಸೀಪುರದ ಮೂಲಕ ಮೈಸೂರಿಗೂ, 2017ರಿಂದ ಕುಣಿಗಲ್ ಮೂಲಕ ಬೆಂಗಳೂರಿಗೂ ಹಳಿಗಳಿವೆ. ಮಂಗಳೂರಿನ ಬಳಿ ಇದು ಕೊಂಕಣ ರೈಲ್ವೆಯನ್ನೂ ಕೇರಳದ ಮಾರ್ಗವನ್ನೂ ಸೇರುತ್ತದೆ.

ಹಿನ್ನೆಲೆ

1979ರಲ್ಲಿ ಮೀಟರ್ ಗೇಜ್ ಆಗಿ ಪೂರ್ಣಗೊಂಡ ಈ ಮಾರ್ಗವನ್ನು ಬ್ರಾಡ್ ಗೇಜ್‌ಗೆ ಪರಿವರ್ತಿಸುವ ಸಲುವಾಗಿ 1996ರಲ್ಲಿ ಘಟ್ಟದ ಸಂಚಾರವನ್ನು ನಿಲ್ಲಿಸಲಾಯಿತು. ಸರಕು ರೈಲುಗಳು 2006ರಲ್ಲಿ, ಪ್ರಯಾಣಿಕರ ರೈಲುಗಳು 2007ರಲ್ಲಿ ಪುನರಾರಂಭಗೊಂಡವು.

ಘಟ್ಟದ ಮಿತಿ

ಸಕಲೇಶಪುರ ಮತ್ತು ಸುಬ್ರಹ್ಮಣ್ಯ ರೋಡ್ ನಡುವಿನ ಸುಮಾರು 55 ಕಿ.ಮೀ. ಭಾಗವೇ ಇಡೀ ಮಾರ್ಗದ ಸಾಮರ್ಥ್ಯವನ್ನು ನಿರ್ಧರಿಸುತ್ತದೆ. ಇಲ್ಲಿ ಐವತ್ತಕ್ಕೂ ಹೆಚ್ಚು ಸುರಂಗಗಳಿದ್ದು, ಇಳಿಜಾರು 50ಕ್ಕೆ 1ರಷ್ಟಿದೆ. ಒಂಟಿ ಹಳಿಯಾದ ಕಾರಣ ರೈಲುಗಳು ನಿಲ್ದಾಣಗಳಲ್ಲಿ ಮಾತ್ರ ಪರಸ್ಪರ ದಾಟಬೇಕು. 2024ರ ಜುಲೈನಲ್ಲಿ ಎಡಕುಮೇರಿ–ಕಡಗರವಳ್ಳಿ ನಡುವೆ ಭೂಕುಸಿತವಾಗಿ ಸಂಚಾರ ಸ್ಥಗಿತಗೊಂಡಿತು. ಅದೇ ಮಳೆಗಾಲದಲ್ಲಿ ಶಿರಾಡಿ ಘಾಟಿಯ ಹೆದ್ದಾರಿಯೂ ಕುಸಿತಕ್ಕೆ ತುತ್ತಾಯಿತು. ರೈಲು ನಿಂತರೆ ಲಾರಿ ಇದ್ದೇ ಇದೆ ಎಂಬ ಭರವಸೆ ಸಲ್ಲದು ಎಂಬುದು ಇದರಿಂದ ಸ್ಪಷ್ಟ.

ವಿಳಂಬದ ವೆಚ್ಚ

ಸಾಗಣೆ ವೆಚ್ಚವೆಂದರೆ ಬಾಡಿಗೆಯಷ್ಟೇ ಅಲ್ಲ. ಉದಾಹರಣೆಗೆ, 20 ಲಕ್ಷ ರೂ. ಮೌಲ್ಯದ ಕಚ್ಚಾ ಸಾಮಗ್ರಿ 10 ದಿನ ತಡವಾದರೆ, ಶೇ. 12ರ ಬಡ್ಡಿಯಂತೆ ಸುಮಾರು 6,575 ರೂ. ಹೊರೆ ಬೀಳುತ್ತದೆ. ಯಂತ್ರ ನಿಂತ ನಷ್ಟ, ಕೆಲಸವಿಲ್ಲದಿದ್ದರೂ ಕೊಡಬೇಕಾದ ಕೂಲಿ ಇದಕ್ಕೆ ಹೊರತು.

ಕಾನೂನು ಮತ್ತು ವಿಮೆ

1989ರ ರೈಲ್ವೆ ಕಾಯಿದೆಯ 93ನೇ ಕಲಮಿನ ಪ್ರಕಾರ, ದೈವಕೃತ ಕಾರಣಗಳಿಂದಾದ ಹಾನಿಗೆ ರೈಲ್ವೆ ಹೊಣೆಯಲ್ಲ. ಆದರೆ ತಾನು ಯುಕ್ತ ಎಚ್ಚರಿಕೆ ವಹಿಸಿದ್ದನ್ನು ಅದು ಸಾಬೀತುಪಡಿಸಬೇಕು. 106ನೇ ಕಲಮಿನಂತೆ, ಸರಕು ಒಪ್ಪಿಸಿದ ದಿನದಿಂದ ಆರು ತಿಂಗಳೊಳಗೆ ಪರಿಹಾರದ ನೋಟೀಸು ನೀಡತಕ್ಕದ್ದು. ಆದ್ದರಿಂದ ರೈಲ್ವೆ ರಸೀದಿಯನ್ನು ಜೋಪಾನವಾಗಿಡಬೇಕು. ಸಾಗಣೆ ವಿಮೆ ಸರಕಿನ ಹಾನಿಯನ್ನು ತುಂಬಿಕೊಡಬಹುದಾದರೂ, ಕೇವಲ ವಿಳಂಬದಿಂದಾದ ನಷ್ಟ ಸಾಮಾನ್ಯವಾಗಿ ಅದರ ವ್ಯಾಪ್ತಿಗೆ ಬರುವುದಿಲ್ಲ.

ಕೈಗೊಳ್ಳಬಹುದಾದ ಕ್ರಮಗಳು

1. ಜೂನ್‌ಗೆ ಮುನ್ನವೇ ಮಳೆಗಾಲದ ಅಗತ್ಯಕ್ಕೆ ತಕ್ಕ ದಾಸ್ತಾನು ಮಾಡಿಕೊಳ್ಳುವುದು. ಅದರ ಬಡ್ಡಿಯನ್ನು ವಿಳಂಬದ ನಷ್ಟದೊಡನೆ ಹೋಲಿಸಿ ಪ್ರಮಾಣವನ್ನು ನಿರ್ಧರಿಸುವುದು.

2. ಖರೀದಿದಾರರೊಡನೆ ಮಾಡುವ ಕರಾರಿನಲ್ಲಿ ಮಾರ್ಗ ಸ್ಥಗಿತಗೊಂಡಾಗ ಅವಧಿ ವಿಸ್ತರಣೆಗೆ ಅವಕಾಶ ಕಲ್ಪಿಸುವುದು.

3. ಚೆನ್ನೈ ಬಂದರಿನ ಮೂಲಕ ಸಾಗಿಸಿದರೆ ತಗಲುವ ಒಟ್ಟು ವೆಚ್ಚದ ಲೆಕ್ಕವನ್ನು ಮೊದಲೇ ಸಿದ್ಧವಾಗಿಟ್ಟುಕೊಳ್ಳುವುದು.

ಘಟ್ಟದ ಮಳೆಯನ್ನು ವರ್ತಕರು ತಡೆಯಲಾರರು. ಆದರೆ ಅದರ ವೆಚ್ಚವನ್ನು ಮುಂಗಡವಾಗಿ ಲೆಕ್ಕಹಾಕಿ ಬೆಲೆ ನಿಗದಿಪಡಿಸುವುದು ಅವರ ಕೈಯಲ್ಲಿಯೇ ಇದೆ.