ಪಾನಾ ಹಿಡಿಯುವ ಮೊದಲು

ನಮ್ಮದು ಮಲೆನಾಡಿನಲ್ಲಿ ಈಗ ಎಲ್ಲೆಡೆ ಕಾಣುವ ನಮೂನೆಯ ಮನೆ. ಮುಂದಿನ ಅಂಕಣಗಳಿಗೆ ಮಂಗಳೂರು ಹೆಂಚು, ಹಿಂದಿನ ಅಡುಗೆಮನೆ ಮತ್ತು ಬಚ್ಚಲಿಗೆ ಆಮೇಲೆ ಹಾಕಿಸಿದ ಆರ್‌ಸಿಸಿ. ಎರಡು ಕಾಲದ ಕಟ್ಟಡ ಒಂದೇ ಗೋಡೆಗೆ ಆತುಕೊಂಡಿರುವುದರಿಂದ ರಿಪೇರಿ ಮುಗಿಯಿತೆಂಬುದೇ ಇಲ್ಲ. ಯಾವ ಕೆಲಸಕ್ಕೆ ನಾವೇ ಕೈಹಾಕಬೇಕು, ಯಾವುದಕ್ಕೆ ಜನ ಕರೆಸಬೇಕು ಎಂಬುದನ್ನು ಹೆಚ್ಚಿನವರು ಕೆಲಸ ಸುಲಭವೋ ಕಷ್ಟವೋ ಎಂದು ನೋಡಿ ತೀರ್ಮಾನಿಸುತ್ತಾರೆ. ನಾನು ಕೇಳಿಕೊಳ್ಳುವುದು ಬೇರೆ: ಮಾಡಿದ್ದು ಕೆಟ್ಟರೆ ಕಣ್ಣಿಗೆ ಕಾಣುತ್ತದೆಯೇ, ಕಂಡ ಮೇಲೆ ತಿದ್ದಲು ಸಮಯ ಸಿಗುತ್ತದೆಯೇ? ನಲ್ಲಿ ಸೋರಿದರೆ ಆಗಲೇ ಕಾಣುತ್ತದೆ. ಗೋಡೆಯೊಳಗೆ ಸಡಿಲವಾಗಿ ಕೂತ ವೈರು ತಿಂಗಳುಗಟ್ಟಲೆ ಸುಮ್ಮನಿದ್ದು ಯಾವುದೋ ರಾತ್ರಿ ಕಾಯತೊಡಗುತ್ತದೆ.

1. ನೀರಿನ ಕೆಲಸದಿಂದ ಕಲಿಯಿರಿ, ಮೊದಲು ವಾಲ್ವ್ ಹುಡುಕಿ

ಟ್ಯಾಂಕಿನಿಂದ ಇಳಿಯುವ ಪೈಪಿನ ಗೇಟ್ ವಾಲ್ವ್ ಎಲ್ಲಿದೆ, ಅದು ತಿರುಗುತ್ತದೆಯೇ ಎಂಬುದು ಮನೆಯ ಎಲ್ಲರಿಗೂ ಗೊತ್ತಿರಬೇಕು. ವರ್ಷಗಟ್ಟಲೆ ಮುಟ್ಟದ ವಾಲ್ವ್ ಬೇಕಾದ ದಿನ ಜಪ್ಪಯ್ಯ ಎಂದರೂ ಅಲುಗುವುದಿಲ್ಲ. ಆಗಾಗ ಒಮ್ಮೆ ಮುಚ್ಚಿ ತೆರೆಯುತ್ತಿದ್ದರೆ ಸಾಕು. ವಾಷ್ ಬೇಸಿನ್ನಿನ ಕೆಳಗಿನ ಆಂಗಲ್ ಕಾಕಿಗೂ ಇದೇ ಮಾತು.

ಸುತ್ತಿ ಸುತ್ತಿ ಮುಚ್ಚುವ ಹಳೆಯ ನಲ್ಲಿ ತೊಟ್ಟಿಕ್ಕಿದರೆ ಸಾಮಾನ್ಯವಾಗಿ ರಬ್ಬರ್ ವಾಷರ್ ಸವೆದಿರುತ್ತದೆ. ಅರ್ಧ ಸುತ್ತಿನಲ್ಲೇ ಮುಚ್ಚುವ ಹೊಸ ನಲ್ಲಿಯಲ್ಲಿ ವಾಷರ್ ಬದಲು ಸೆರಾಮಿಕ್ ಬಿಲ್ಲೆಗಳಿರುವ ಸ್ಪಿಂಡಲ್ ಇರುತ್ತದೆ. ಅದನ್ನು ಇಡಿಯಾಗಿಯೇ ಬದಲಿಸಬೇಕು. ಅಂಗಡಿಗೆ ಹಳೆಯದನ್ನು ಕೈಯಲ್ಲೇ ಹಿಡಿದು ಹೋಗಿ, ಕಂಪನಿಯಿಂದ ಕಂಪನಿಗೆ ಅಳತೆ ಬೇರೆ. ನಲ್ಲಿಯ ತಿರುಪಿನ ತುದಿ ನಿಮ್ಮತ್ತ ಇರುವಂತೆ ಹಿಡಿದು ಟೆಫ್ಲಾನ್ ಟೇಪನ್ನು ಗಡಿಯಾರದ ಮುಳ್ಳಿನ ದಿಕ್ಕಿಗೇ ಸುತ್ತಬೇಕು, ಇಲ್ಲವಾದರೆ ಬಿಗಿಸುವಾಗ ಅದು ಬಿಚ್ಚಿಕೊಳ್ಳುತ್ತದೆ. ಪಾನಾ ಹಿಡಿದು ಬಲವೆಲ್ಲ ಹಾಕಿ ಬಿಗಿದರೆ ಗೋಡೆಯೊಳಗಿನ ಜೋಡಣೆಯೇ ಬಿರಿಯಬಹುದು. ಅಲ್ಲಿ ಬಿರಿದದ್ದು ಕಣ್ಣಿಗೆ ಕಾಣುವುದಿಲ್ಲ. ಹಾಗಾಗಿ ಗೋಡೆಯ ಹೊರಗಿರುವ ನೀರಿನ ಕೆಲಸ ನನ್ನದು, ಒಳಗಿನದು ಪ್ಲಂಬರ್‌ನದು.

2. ಬೋರ್‌ವೆಲ್ ನೀರಿನ ಮನೆಗೆ ನಿಂಬೆಹಣ್ಣೂ ಒಂದು ಸಲಕರಣೆ

ಶವರಿನ ತೂತುಗಳಿಗೆ ಬಿಳಿ ಕರೆ ಕಟ್ಟಿದ್ದರೆ ಬಿಚ್ಚಿ ನಿಂಬೆರಸದಲ್ಲೋ ವಿನೆಗರಿನಲ್ಲೋ ರಾತ್ರಿಯಿಡೀ ನೆನೆಹಾಕಿ. ಹೊಸದು ಕೊಳ್ಳಬೇಕಾಗಿಲ್ಲ. ಗೀಸರಿನ ಕಾಯಿಲಿಗೂ ಅದೇ ಕರೆ ಕಟ್ಟುತ್ತದೆ, ಆದರೆ ಅದನ್ನು ಬಿಚ್ಚುವುದು ಮೆಕ್ಯಾನಿಕ್ಕಿನ ಕೆಲಸ.

3. ಮೇನ್ ಸ್ವಿಚ್ ಆಫ್ ಮಾಡಿದ ಮಾತ್ರಕ್ಕೆ ಕರೆಂಟ್ ಹೋಯಿತೆಂದು ನಂಬಬೇಡಿ

ಇನ್ವರ್ಟರ್ ಇರುವ ಮನೆಯಲ್ಲಿ ಮೇನ್ ಆಫ್ ಆದೊಡನೆ ಬ್ಯಾಟರಿ ಎಚ್ಚರಗೊಂಡು ಅದೇ ಲೈಟು, ಫ್ಯಾನುಗಳ ವೈರಿಗೆ 230 ವೋಲ್ಟ್ ಹರಿಸುತ್ತದೆ. ನಮ್ಮ ಕಡೆ ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟ್ ಇರುವುದಿಲ್ಲವಾದ್ದರಿಂದ ಇನ್ವರ್ಟರ್ ಇಲ್ಲದ ಮನೆ ಅಪರೂಪ. ಮೊದಲು ಇನ್ವರ್ಟರ್ ಆಫ್, ಆಮೇಲೆ ಮೇನ್. ಅದಾದ ಮೇಲೂ ಟೆಸ್ಟರ್ ಹಿಡಿಯಿರಿ. ಆ ಟೆಸ್ಟರನ್ನು ಮೊದಲೇ ಕರೆಂಟಿರುವ ಸಾಕೆಟ್ಟಿಗೆ ಹಾಕಿ ಉರಿಯುತ್ತದೆಯೇ ಎಂದು ನೋಡಿಟ್ಟುಕೊಂಡಿರಬೇಕು. ಉರಿಯದ ಟೆಸ್ಟರ್ ಕೆಟ್ಟಿರಲೂಬಹುದು.

ಇಷ್ಟು ಪಾಲಿಸಿದರೆ ಬಲ್ಬ್ ಹೋಲ್ಡರ್, ಪ್ಲಗ್ ಟಾಪ್, ಫ್ಯಾನಿನ ಕಂಡೆನ್ಸರ್ ಬದಲಿಸುವುದು ಮನೆಮಂದಿಯ ಅಳವಿನಲ್ಲೇ ಇದೆ. ಫ್ಯಾನ್ ನಿಧಾನವಾದರೆ, ಕೈಯಿಂದ ತಳ್ಳಿದ ಮೇಲೆ ಮಾತ್ರ ತಿರುಗಿದರೆ ಮೊದಲು ಅನುಮಾನಿಸಬೇಕಾದದ್ದು ಕಂಡೆನ್ಸರನ್ನು. ಸಾಮಾನ್ಯವಾಗಿ ಅದು 2.5 ಮೈಕ್ರೋಫ್ಯಾರಡ್ ಇರುತ್ತದೆ, ಆದರೂ ಹಳೆಯದರ ಮೇಲೆ ಬರೆದ ಅಂಕಿಯನ್ನೇ ಅಂಗಡಿಯಲ್ಲಿ ಕೇಳಿ. ಸ್ವಿಚ್ ಆಫ್ ಆದ ಮೇಲೂ ಅದರಲ್ಲಿ ಚಾರ್ಜ್ ಉಳಿದಿರಬಹುದು, ತುದಿಗಳನ್ನು ಬರಿಗೈಯಲ್ಲಿ ಮುಟ್ಟಬೇಡಿ.

ಎಂಸಿಬಿ ಪದೇ ಪದೇ ಬೀಳುತ್ತಿದ್ದರೆ ಅದು ಏನನ್ನೋ ಹೇಳುತ್ತಿದೆ. 2,000 ವ್ಯಾಟಿನ ಗೀಸರ್ ಸುಮಾರು 8.7 ಆಂಪಿಯರ್ ಎಳೆಯುತ್ತದೆ. ಅದನ್ನು 6 ಆಂಪಿಯರಿನ ಲೈಟ್ ಲೈನಿಗೆ ಕೊಟ್ಟರೆ ಎಂಸಿಬಿ ಬೀಳಲೇಬೇಕು. ವೈರು ಅದೇ ಇಟ್ಟುಕೊಂಡು ಎಂಸಿಬಿ ಮಾತ್ರ ದೊಡ್ಡದು ಹಾಕಿದರೆ ಕಾಯುವುದು ಗೋಡೆಯೊಳಗಿನ ವೈರು. ಇದನ್ನು ದಯವಿಟ್ಟು ಯಾರೂ ಮಾಡಬೇಡಿ, ಮಾಡುತ್ತೇನೆಂದು ಬಂದವರಿಗೂ ಬೇಡವೆನ್ನಿ. ಇನ್ನೊಂದು ಮಾತು: ಎಂಸಿಬಿ ಕಾಯುವುದು ವೈರನ್ನು, ಮನುಷ್ಯರನ್ನಲ್ಲ. ಷಾಕ್ ಹೊಡೆದಾಗ ಕಣ್ಣು ಮಿಟುಕಿಸುವುದರೊಳಗೆ ಲೈನ್ ಕಡಿಯುವುದು 30 ಮಿಲಿಆಂಪಿಯರಿನ ಆರ್‌ಸಿಸಿಬಿ. ಬಚ್ಚಲಿಗೆ ಗೀಸರ್ ಇರುವ ಮನೆಯಲ್ಲಿ ಅದು ಇರಲೇಬೇಕು. ಅದರ ಟೆಸ್ಟ್ ಗುಂಡಿಯನ್ನು ಆಗಾಗ ಒತ್ತಿ ನೋಡಿ. ಅದನ್ನು ಹಾಕಿಸುವುದು, ಅರ್ಥಿಂಗ್ ಮಾಡಿಸುವುದು, ಹೊಸ ಲೈನ್ ಎಳೆಸುವುದು ಲೈಸೆನ್ಸ್ ಇರುವವರಿಂದಲೇ ಆಗಬೇಕು. ಮೀಟರಿನಿಂದ ಆಚೆ, ಕಂಬದವರೆಗೆ, ಏನೇ ಆದರೂ 1912ಕ್ಕೆ ಫೋನ್ ಮಾಡಿ.

4. ಗ್ಯಾಸಿನಲ್ಲಿ ನನ್ನ ಪಾಲು ಸಾಬೂನು ನೀರು ಮಾತ್ರ

ಪೈಪಿನ ಜೋಡಣೆಗೆ ಸಾಬೂನು ನೊರೆ ಹಚ್ಚಿ ಗುಳ್ಳೆ ಏಳುತ್ತದೆಯೇ ನೋಡುವುದು, ಸುರಕ್ಷಾ ಪೈಪಿನ ಮೇಲೆ ಒತ್ತಿರುವ ದಿನಾಂಕ ನೋಡಿ ಐದು ವರ್ಷಕ್ಕೆ ಬದಲಿಸುವುದು. ಅಷ್ಟೇ. ಎಲ್‌ಪಿಜಿ ಗಾಳಿಗಿಂತ ಭಾರ, ನೆಲದಲ್ಲಿ ಹರಡಿ ನಿಲ್ಲುತ್ತದೆ. ವಾಸನೆ ಬಂದರೆ ಸ್ವಿಚ್ ಹಾಕಲೂಬಾರದು, ಆರಿಸಲೂಬಾರದು. ರೆಗ್ಯುಲೇಟರ್ ಮುಚ್ಚಿ, ಬಾಗಿಲು ಕಿಟಕಿ ತೆರೆದು ಹೊರಗೆ ಬಂದು 1906ಕ್ಕೆ ಕರೆ ಮಾಡಿ.

5. ಹೆಂಚು ಕೈಯಾಡಿಸುವುದು ಮುಂಗಾರಿನ ಮುಂಚೆ, ಬಲ್ಲವರಿಂದ

ಮಾಡು ಸೋರುವುದಕ್ಕೆ ಯಾವಾಗಲೂ ಒಡೆದ ಹೆಂಚೇ ಕಾರಣವಲ್ಲ. ಗಾಳಿಗೋ ಮಂಗನ ಓಡಾಟಕ್ಕೋ ಒಂದು ಹೆಂಚು ಬೆರಳಗಲ ಜಾರಿದರೂ ಸಾಕು. ಮೇ ತಿಂಗಳ ಮಧ್ಯಾಹ್ನ ಒಳಗೆ ಕತ್ತಲೆ ಮಾಡಿಕೊಂಡು ಮೇಲೆ ನೋಡಿದರೆ ಬಿಸಿಲಿನ ಚುಕ್ಕಿಗಳೇ ಸೋರುವ ಜಾಗ ತೋರಿಸಿಕೊಡುತ್ತವೆ. ಅಟ್ಟದ ಮೇಲೆ ನಿಂತು, ಕೈಗೆ ಎಟಕುವ ಹೆಂಚನ್ನು ಒಳಗಿನಿಂದಲೇ ಎತ್ತಿ ಕೂರಿಸಬಹುದು. ಅಲ್ಲಿಯವರೆಗೆ ನಮ್ಮ ಕೆಲಸ.

ಬದಲಿ ಹೆಂಚು ತರುವವರು ಹಳೆಯ ಹೆಂಚಿನ ಒಳಮೈಯಲ್ಲಿ ಒತ್ತಿರುವ ಕಾರ್ಖಾನೆಯ ಹೆಸರು ನೋಡಿಕೊಳ್ಳಬೇಕು. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನ ಜೆಪ್ಪುವಿನಲ್ಲಿ ಕಾರ್ಖಾನೆ ತೆರೆದ ಮೇಲೆ ಕರಾವಳಿಯುದ್ದಕ್ಕೂ ಹೆಂಚಿನ ಕಾರ್ಖಾನೆಗಳು ಬಂದವು, ಒಂದರ ಅಚ್ಚು ಇನ್ನೊಂದರಂತಿರಲಿಲ್ಲ. ಬೇರೆ ಕಾರ್ಖಾನೆಯ ಹೆಂಚು ಪಕ್ಕದ್ದರ ಅಂಚಿನ ತೋಡಿಗೆ ಸರಿಯಾಗಿ ಕಚ್ಚಿಕೊಳ್ಳದಿದ್ದರೆ ಹೊಸ ಹೆಂಚೇ ಸೋರುತ್ತದೆ. ಹಳೆಯ ಮನೆ ಕೆಡವಿದಲ್ಲಿ ಅದೇ ಹೆಸರಿನ ಹೆಂಚು ಸಿಕ್ಕರೆ ಒಂದಷ್ಟು ತಂದಿಟ್ಟುಕೊಳ್ಳಿ.

ಮಾಡಿನ ಮೇಲೆ ಹತ್ತುವುದು ಮಾತ್ರ ಬೇರೆಯೇ ವಿದ್ಯೆ. ಕೆಳಗಿನ ರೀಪಿನ ನೇರಕ್ಕೇ ಹೆಜ್ಜೆ ಬೀಳಬೇಕು. ಎರಡು ರೀಪಿನ ನಡುವೆ ತುಳಿದರೆ ಹೆಂಚಿನ ಜೊತೆ ಆಳೂ ಕೆಳಗೆ. ಗೆದ್ದಲು ತಿಂದ ರೀಪು ಮೇಲಿನಿಂದ ಕಾಣುವುದಿಲ್ಲ. ಪಾಚಿ ಕಟ್ಟಿದ ಹೆಂಚು ಒಂದು ಹನಿ ಬಿದ್ದರೂ ಜಾರುತ್ತದೆ. ರೋಹಿಣಿ ಮಳೆ ಶುರುವಾದ ಮೇಲೆ ಯಾರನ್ನೂ ಮೇಲೆ ಹತ್ತಿಸಬೇಡಿ, ಎಷ್ಟು ಬಲ್ಲವರಾದರೂ. ಮಳೆಗಾಲ ಮುಗಿಯುವವರೆಗೆ ಕೆಳಗೆ ಪಾತ್ರೆ ಇಡೋಣ.

6. ಬಣ್ಣ ಬಳಿಯುವ ಮೊದಲು ತೇವ ಎಲ್ಲಿಂದ ಬಂತೆಂದು ತಿಳಿಯಿರಿ

ಗೋಡೆಗೆ ಒಂದು ತುಂಡು ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹಾಕಿ ಅಂಟಿಸಿ, ಒಂದೆರಡು ದಿನ ಬಿಡಿ. ಹಾಳೆಯ ಒಳಮೈಯಲ್ಲಿ ಹನಿ ಕಟ್ಟಿದರೆ ನೀರು ಗೋಡೆಯೊಳಗಿನಿಂದ ಬರುತ್ತಿದೆ, ಹೊರಮೈಯಲ್ಲಿ ಕಟ್ಟಿದರೆ ಕೋಣೆಗೆ ಗಾಳಿಯಾಡುತ್ತಿಲ್ಲ. ಎರಡಕ್ಕೂ ಮದ್ದು ಬೇರೆ ಬೇರೆ.

ಪ್ಲಾಸ್ಟರಿನ ಕೂದಲೆಳೆ ಬಿರುಕಿಗೆ ಪುಟ್ಟಿ ಸಾಕು. ಕಿಟಕಿಯ ಮೂಲೆಯಿಂದ ಓರೆಯಾಗಿ ಹೊರಟ ಬಿರುಕಿನ ತುದಿಗೆ ಪೆನ್ಸಿಲಿನಲ್ಲಿ ಗೆರೆ ಎಳೆದು ತಾರೀಖು ಬರೆಯಿರಿ. ಗೆರೆ ದಾಟಿ ಬೆಳೆಯುತ್ತಿದ್ದರೆ ಎಂಜಿನಿಯರರಿಗೆ ತೋರಿಸಿ. ತೊಲೆಯ ಅಡಿಯಲ್ಲಿ ಕಾಂಕ್ರೀಟ್ ಉದುರಿ ತುಕ್ಕಿನ ಕಂಬಿ ಕಂಡರಂತೂ ತಡ ಬೇಡ. ಕಬ್ಬಿಣ ತುಕ್ಕಾದಾಗ ಉಬ್ಬುತ್ತದೆ, ಉಬ್ಬಿ ಕಾಂಕ್ರೀಟನ್ನು ಒಳಗಿನಿಂದಲೇ ಒಡೆಯುತ್ತದೆ. ಅದರ ಮೇಲೆ ಸಿಮೆಂಟ್ ಮೆತ್ತಿಸಿದರೆ ರೋಗ ಮುಚ್ಚಿಟ್ಟಂತೆ.

7. ಸೆಪ್ಟಿಕ್ ಟ್ಯಾಂಕಿಗೆ ನೀವೂ ಇಳಿಯಬೇಡಿ, ಯಾರನ್ನೂ ಇಳಿಸಬೇಡಿ

ಈ ವಿಷಯದಲ್ಲಿ ‘ಜನ ಕರೆಸುವುದು’ ಎಂದರೆ ಯಂತ್ರ ಕರೆಸುವುದು. ಟ್ಯಾಂಕಿನೊಳಗೆ ಉಸಿರಾಟಕ್ಕೆ ಗಾಳಿ ಸಾಲದು; ಹೈಡ್ರೋಜನ್ ಸಲ್ಫೈಡ್ ಹೆಚ್ಚಾದಾಗ ಮೂಗಿಗೆ ವಾಸನೆಯೇ ಹತ್ತುವುದಿಲ್ಲ, ಒಂದೆರಡು ಉಸಿರಿಗೇ ಎಚ್ಚರ ತಪ್ಪುತ್ತದೆ. ಎತ್ತಲು ಇಳಿದ ಎರಡನೆಯವರೂ ಅಲ್ಲೇ ಉಳಿಯುತ್ತಾರೆ. ರಕ್ಷಣೆಯ ಸಲಕರಣೆಯಿಲ್ಲದೆ ಮನುಷ್ಯರನ್ನು ಇಳಿಸುವುದು 2013ರ ಕಾಯ್ದೆಯ ಪ್ರಕಾರ ಅಪರಾಧ. ಮೊದಲ ಸಲಕ್ಕೇ ಎರಡು ವರ್ಷದವರೆಗೆ ಜೈಲು ಅಥವಾ ಎರಡು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಕಾಯ್ದೆ ಇರಲಿ ಬಿಡಲಿ, ನಮ್ಮ ಮನೆಯ ಹೊಲಸಿಗೆ ಇನ್ನೊಬ್ಬರ ಮನೆಯ ಮಗ ಇಳಿಯಬಾರದು. ಸಕ್ಕಿಂಗ್ ಮಷಿನ್ ಬರಲು ವಾರ ತಡವಾದರೆ ಕಾಯಬೇಕು.

8. ಕರೆಸಿದ ಮೇಲೆ

ತೊಂದರೆ ಏನೆಂದು ಹೇಳಿ, ಏನು ಮಾಡಬೇಕೆಂದು ಹೇಳಬೇಡಿ. ‘ಸ್ವಿಚ್ ಬದಲಿಸಿ’ ಎಂದರೆ ಸ್ವಿಚ್ ಬದಲಾಗುತ್ತದೆ, ‘ಸಂಜೆಹೊತ್ತು ಲೈಟು ಮಿಣುಕುತ್ತದೆ’ ಎಂದರೆ ಮೂಲ ಸಿಗುತ್ತದೆ. ಬಿಚ್ಚಿದ ಹಳೆಯ ಸಾಮಾನು ತೋರಿಸಲು ಕೇಳಿ. ಒಳ್ಳೆಯ ಕೆಲಸಗಾರರು ಸಂತೋಷದಿಂದಲೇ ತೋರಿಸುತ್ತಾರೆ, ಅವರ ಪಕ್ಕ ನಿಂತು ನೋಡುವುದರಿಂದ ಮುಂದಿನ ಸಣ್ಣ ಕೆಲಸ ನಿಮ್ಮ ಕೈಗೇ ಬರುತ್ತದೆ. ಕೂಲಿಯನ್ನು ಮೊದಲೇ ಮಾತಾಡಿ, ಮುಗಿದ ದಿನವೇ ಕೊಟ್ಟುಬಿಡಿ. ಎತ್ತರದ ಕೆಲಸಕ್ಕೂ ಕರೆಂಟಿನ ಕೆಲಸಕ್ಕೂ ಚೌಕಾಸಿ ಬೇಡ. ಪೈಪೋ ವೈರೋ ಗೋಡೆಯಲ್ಲಿ ಹಾಕಿಸಿದರೆ ಗಾರೆ ಮುಚ್ಚುವ ಮುಂಚೆ, ಅಳತೆಯ ಟೇಪ್ ಪಕ್ಕದಲ್ಲಿಟ್ಟು ಫೋಟೋ ತೆಗೆದಿಟ್ಟುಕೊಳ್ಳಿ. ಮುಂದೆ ಯಾವತ್ತೋ ಗೋಡೆಗೆ ಮೊಳೆ ಹೊಡೆಯುವವರು ಆ ಫೋಟೋ ಕೇಳುತ್ತಾರೆ.