ರಜೆಯೊಂದರ ಬೆಲೆ: ರಕ್ಷಣಾ ವೆಚ್ಚದ ಬಗ್ಗೆ ಎರಡು ಸಲ ಮಾಡಿದ ಒಂದು ಪಾಠ

ಹತ್ತನೆಯ ತರಗತಿಯ ‘ಸಾರ್ವಜನಿಕ ಹಣಕಾಸು ಮತ್ತು ಆಯವ್ಯಯ’ ಪಾಠವೆಂದರೆ ನಮ್ಮ ಪ್ರಶಿಕ್ಷಣಾರ್ಥಿಗಳಿಗೆ ಅಳುಕು. ಇತಿಹಾಸದಲ್ಲಿ ಕಥೆಯಿದೆ, ಭೂಗೋಳದಲ್ಲಿ ನಕ್ಷೆಯಿದೆ, ಇದರಲ್ಲಿ ಏನಿದೆ ಎಂದು ಕೇಳುತ್ತಾರೆ. 2025ರ ಅಭ್ಯಾಸ ಬೋಧನೆಯ ಸಮಯದಲ್ಲಿ ನನ್ನ ತಂಡದ ಎಂಟು ಮಂದಿ ಸೇರಿ, “ಸರ್, ಈ ಪಾಠಕ್ಕೆ ನೀವೇ ಒಂದು ಪ್ರಾತ್ಯಕ್ಷಿಕೆ ಕೊಡಿ” ಎಂದರು. ಒಪ್ಪಿಕೊಂಡೆ. ಆ ಪಾಠ ಕೆಟ್ಟಿತು. ಅದೇ ವಿಷಯವನ್ನು ಎರಡು ದಿನ ಬಿಟ್ಟು ಅದೇ ಮಕ್ಕಳಿಗೆ ಮತ್ತೆ ಮಾಡಿದೆ. ಎರಡರ ವಿವರವೂ ಇಲ್ಲಿದೆ.

ಸರ್ಕಾರದ ವೆಚ್ಚ ಎಂಬ ಉಪಘಟಕಕ್ಕೆ ರಕ್ಷಣಾ ವೆಚ್ಚವನ್ನು ಉದಾಹರಣೆಯಾಗಿ ಆರಿಸಿಕೊಂಡಿದ್ದೆ. ಜಗತ್ತಿನ ಹಲವು ದೇಶಗಳ ಮೇಲೆ ಸೈನ್ಯಕ್ಕೆ ಹೆಚ್ಚು ಹಣ ಇಡಿ ಎಂಬ ಒತ್ತಡ ಇರುವ ಕಾಲ ಇದು. ಪತ್ರಿಕೆ ಓದುವ ಮಕ್ಕಳಿಗೆ ತಿಳಿದಿರುತ್ತದೆ ಎಂದುಕೊಂಡೆ. ಪೀಠಿಕೆಗೆ ಕಪ್ಪುಹಲಗೆಯ ಮೇಲೆ ದೊಡ್ಡದಾಗಿ ಬರೆದದ್ದು ಎರಡೇ ಪದ: ‘ಸೈನ್ಯಕ್ಕೋ? ಶಾಲೆಗೋ?’ ಕೈ ಎತ್ತಿಸಿದೆ. ಮೂವತ್ತೆಂಟು ಮಕ್ಕಳಲ್ಲಿ ಮೂವತ್ತೊಂದು ಕೈ ಶಾಲೆಗೆ ಎದ್ದವು. ಗದ್ದಲ, ನಗು, ವಾದ. ಭಾಗವಹಿಸುವಿಕೆ ಎಂದರೆ ಇದೇ ಎಂದು ಒಳಗೊಳಗೇ ಹಿಗ್ಗಿದೆ.

ಪಾಠದ ನಂತರ ವಿಮರ್ಶೆಗೆ ಕುಳಿತಾಗ ಒಬ್ಬ ಪ್ರಶಿಕ್ಷಣಾರ್ಥಿ ತನ್ನ ವೀಕ್ಷಣಾ ಪುಸ್ತಕ ತೆರೆದು ಮೆಲ್ಲಗೆ ಹೇಳಿದಳು: “ಸರ್, ಮೂರನೇ ಬೆಂಚಿನ ಹುಡುಗಿ ಎರಡಕ್ಕೂ ಕೈ ಎತ್ತಲಿಲ್ಲ. ಅವಳ ತಾತ ಸೈನ್ಯದಲ್ಲಿದ್ದು ನಿವೃತ್ತರಾದವರು. ಅವರ ಪಿಂಚಣಿಯಲ್ಲೇ ಅವಳ ಓದು ನಡೀತಿದೆಯಂತೆ. ನಿಮ್ಮ ಪ್ರಶ್ನೆಯಲ್ಲಿ ಅವಳಿಗೆ ಜಾಗವೇ ಇರಲಿಲ್ಲ.”

ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ರಾತ್ರಿ ಕುಳಿತು ಯೋಚಿಸಿದಾಗ ಪ್ರಶ್ನೆಯೇ ಸುಳ್ಳು ಎನಿಸಿತು. ಯಾವ ಹಣಕಾಸು ಮಂತ್ರಿಯ ಮುಂದೆಯೂ ಅದು ಹಾಗೆ ಬರುವುದಿಲ್ಲ. ಇಷ್ಟು ಹೆಚ್ಚಿಸಬೇಕು ಎಂಬ ಒತ್ತಡ ಒಂದು ಕಡೆಯಿಂದ ಬರುತ್ತದೆ. ಆ ಹಣವನ್ನು ತೆರಿಗೆಯಿಂದ ತರಬೇಕೆ, ಸಾಲದಿಂದಲೆ, ಬೇರೆ ಯಾವ ಬಾಬ್ತಿನಿಂದ ಕಿತ್ತು ಕೊಡಬೇಕು ಎಂಬುದು ಅಲ್ಲಿನ ಕಷ್ಟ. ಮಕ್ಕಳಿಗೆ ಕಲಿಸಬೇಕಾದದ್ದು ಪಕ್ಷ ಹಿಡಿಯುವುದನ್ನಲ್ಲ, ‘ಇದು ಯಾರ ಪಾಲಿನಿಂದ ಬರುತ್ತದೆ?’ ಎಂದು ಕೇಳುವುದನ್ನು. ಅದಕ್ಕೆ ಕಣ್ಣಿಗೆ ಕಾಣುವ ಉದಾಹರಣೆ ಬೇಕಿತ್ತು. ಅದು ನಮ್ಮ ದೇಶದ್ದಾದರೆ ಮಕ್ಕಳು ಲೆಕ್ಕಕ್ಕಿಂತ ಮೊದಲೇ ಪಕ್ಷ ಹಿಡಿಯುತ್ತಾರೆ ಎಂಬುದನ್ನು ಆಗಷ್ಟೇ ನೋಡಿದ್ದೆ. ಹಾಗಾಗಿ ಡೆನ್ಮಾರ್ಕಿಗೆ ಹೋದೆ. ಅಲ್ಲಿ ಸೈನ್ಯಕ್ಕಾಗಿ ಒಂದು ರಜೆಯನ್ನೇ ತೆಗೆದುಹಾಕಿದ್ದಾರೆ.

ತರಗತಿ ಶಿಕ್ಷಕರನ್ನು ಕೇಳಿ ಇನ್ನೊಂದು ಅವಧಿ ಪಡೆದೆ. ಈ ಸಲ ನಕ್ಷೆಯಿಂದ ಶುರು. ಡೆನ್ಮಾರ್ಕಿನ ಜನಸಂಖ್ಯೆ ಸುಮಾರು 60 ಲಕ್ಷ, ಬೆಂಗಳೂರಿಗಿಂತ ಕಡಿಮೆ ಎಂದಾಗ ಹಿಂದಿನ ಸಾಲಿನಿಂದ “ಅಷ್ಟೇನಾ ಸಾರ್!” ಎಂಬ ದನಿ ಬಂತು. 1949ರಲ್ಲಿ ನ್ಯಾಟೊ ಒಕ್ಕೂಟ ಹುಟ್ಟಿದಾಗ ಸೇರಿದ ಹನ್ನೆರಡು ದೇಶಗಳಲ್ಲಿ ಅದೂ ಒಂದು. ಜಿಡಿಪಿಯ ಶೇ. 2ರಷ್ಟನ್ನು ರಕ್ಷಣೆಗೆ ಖರ್ಚು ಮಾಡುವತ್ತ ಹತ್ತು ವರ್ಷದೊಳಗೆ ಸಾಗಬೇಕೆಂದು 2014ರ ವೇಲ್ಸ್ ಶೃಂಗಸಭೆಯಲ್ಲಿ ಸದಸ್ಯ ದೇಶಗಳು ಒಪ್ಪಿದವು. ನಮ್ಮ ರಕ್ಷಣೆಯ ಭಾರ ನಾವೇ ಹೊರಬೇಕೇ ಎಂದು ಅಮೆರಿಕ ದೂರುತ್ತಲೇ ಇತ್ತು. 2022ರ ಫೆಬ್ರವರಿಯಲ್ಲಿ ರಷ್ಯಾ ಉಕ್ರೇನಿನ ಮೇಲೆ ದಂಡೆತ್ತಿ ಹೋಯಿತು. ಮರುತಿಂಗಳೇ ಡೆನ್ಮಾರ್ಕಿನ ಪ್ರಮುಖ ಪಕ್ಷಗಳು 2033ರ ಹೊತ್ತಿಗೆ ಶೇ. 2 ಮುಟ್ಟುವುದೆಂದು ಒಪ್ಪಂದ ಮಾಡಿಕೊಂಡವು. ಆ ವರ್ಷದ ಕೊನೆಗೆ ಮೆಟ್ಟೆ ಫ್ರೆಡೆರಿಕ್ಸನ್ ನೇತೃತ್ವದಲ್ಲಿ ಬಂದ ಮೂರು ಪಕ್ಷಗಳ ಸರ್ಕಾರ ಅದನ್ನು 2030ಕ್ಕೇ ಮುಟ್ಟಬೇಕೆಂದಿತು. ಇಷ್ಟನ್ನು ಐದು ನಿಮಿಷದಲ್ಲಿ ಮುಗಿಸಿದೆ. ಇದನ್ನು ಎಳೆಯಬಾರದು.

ರಜೆಗೆ ಮಾತ್ರ ಬೇಕಾದಷ್ಟು ಸಮಯ ಕೊಟ್ಟೆ. ಈಸ್ಟರ್ ಹಬ್ಬದ ನಂತರದ ನಾಲ್ಕನೆಯ ಶುಕ್ರವಾರ ಡೆನ್ಮಾರ್ಕಿನಲ್ಲಿ ಮಹಾಪ್ರಾರ್ಥನಾ ದಿನ. 1686ರಿಂದ ನಡೆದು ಬಂದದ್ದು. ಆ ದಿನ ಬೇಕರಿಯವರೂ ಕೆಲಸ ಮಾಡುವಂತಿರಲಿಲ್ಲವಾದ್ದರಿಂದ ಹಿಂದಿನ ಸಂಜೆಯೇ ಗೋಧಿ ಬನ್ನು ಸುಟ್ಟು ಮಾರುತ್ತಿದ್ದರು. ಆ ಸಂಜೆ ಬಿಸಿ ಬನ್ನು ತಿನ್ನುವುದೇ ಒಂದು ಸಂಪ್ರದಾಯವಾಯಿತು. ಬನ್ನಿನ ಮಾತು ಬಂದದ್ದೇ ತರಗತಿ ಸಡಿಲಾಯಿತು. ನಂತರ ಹೇಳಿದೆ: 2023ರ ಫೆಬ್ರವರಿ 28ರಂದು ಅಲ್ಲಿನ ಸಂಸತ್ತು 95–68 ಮತಗಳಿಂದ ಈ ರಜೆಯನ್ನು ರದ್ದು ಮಾಡಿತು. 2024ರಿಂದ ಅದು ಕೆಲಸದ ದಿನ.

ಇಲ್ಲೊಂದು ಎಚ್ಚರಿಕೆ. ‘ನಮ್ಮಲ್ಲಿ ಯಾವ ಹಬ್ಬದ ರಜೆ ಬಿಡ್ತೀರಿ?’ ಎಂದು ಕೇಳಲು ಪಾಠಯೋಜನೆಯಲ್ಲಿ ಬರೆದುಕೊಂಡಿದ್ದೆ. ಅದೇ ಪ್ರಶಿಕ್ಷಣಾರ್ಥಿ ನೋಡಿ, “ಬೇಡ ಸರ್, ಇದು ಒಬ್ಬರ ಹಬ್ಬ ಇನ್ನೊಬ್ಬರ ಹಬ್ಬ ಅಂತ ಆಗುತ್ತೆ” ಎಂದಳು. ಹೊಡೆದುಹಾಕಿ, ‘ವರ್ಷಕ್ಕೆ ಒಂದು ಭಾನುವಾರ ಬಿಡ್ತೀರಾ?’ ಎಂದು ಬದಲಿಸಿದೆ. ನೀವೂ ಹಾಗೇ ಮಾಡಿ.

ರಜೆ ಹಣವಾಗುವುದು ಹೇಗೆ? ಮಕ್ಕಳ ಮೊದಲ ಉತ್ತರ: “ಆ ದಿನದ ಸಂಬಳ ಸರ್ಕಾರ ಇಟ್ಕೊಳ್ಳುತ್ತೆ.” ತಪ್ಪೆಂದು ಹೇಳಲು ಅವಸರ ಮಾಡಲಿಲ್ಲ. ಹಲಗೆಯ ಎಡಕ್ಕೆ ಒಬ್ಬ ಕಾರ್ಖಾನೆ ಕೆಲಸಗಾರ, ಬಲಕ್ಕೆ ಸರ್ಕಾರದ ಖಜಾನೆ ಬರೆದು, ನಡುವಿನ ಬಾಣಗಳನ್ನು ಅವರಿಂದಲೇ ಹಾಕಿಸಿದೆ. ಒಂದು ದಿನ ಹೆಚ್ಚು ಕೆಲಸ. ಅದಕ್ಕೆ ಪ್ರತಿಯಾಗಿ ವರ್ಷದ ಸಂಬಳದಲ್ಲಿ ಶೇ. 0.45 ಹೆಚ್ಚಳ. ಹೆಚ್ಚಿದ ಸಂಬಳ ಮತ್ತು ಉತ್ಪಾದನೆಯ ಮೇಲೆ ತೆರಿಗೆ. ಆ ತೆರಿಗೆ ಖಜಾನೆಗೆ. ಸರ್ಕಾರದ ಅಂದಾಜಿನಲ್ಲಿ ಇದರಿಂದ ವರ್ಷಕ್ಕೆ ಸುಮಾರು 300 ಕೋಟಿ ಕ್ರೋನ್ ಬರುತ್ತದೆ. 2025ರಲ್ಲಿ ಒಂದು ಕ್ರೋನ್ ಎಂದರೆ ಹದಿಮೂರು ರೂಪಾಯಿ ಆಸುಪಾಸು ಇತ್ತು. ಕೊನೆಯ ಬಾಣ ಹಾಕಲು ಬಂದ ಹುಡುಗ ಖಜಾನೆಯಿಂದ ಸೈನ್ಯಕ್ಕೆ ಗೆರೆ ಎಳೆಯಲು ಹೋಗಿ ನಿಂತು ಕೇಳಿದ: “ಸಾರ್, ಆ ದುಡ್ಡಿನ ಮೇಲೆ ರಜೆ ದುಡ್ಡು ಅಂತ ಬರೆದಿರುತ್ತಾ?”

ಇದು ಪಾಠಯೋಜನೆಯಲ್ಲಿ ಇರಲಿಲ್ಲ. ಸಂಚಿತ ನಿಧಿಯ ವ್ಯಾಖ್ಯೆಯನ್ನು ಬಾಯಿಪಾಠ ಮಾಡಿದ್ದ ಮಕ್ಕಳು ಅದರ ಅರ್ಥವನ್ನು ಕಂಡದ್ದು ಆಗ. ಎಲ್ಲ ತೆರಿಗೆಯೂ ಒಂದೇ ಕೆರೆಗೆ ಹರಿಯುತ್ತದೆ. ಕೆರೆಯ ನೀರಿನಲ್ಲಿ ಯಾವ ಹಳ್ಳದ್ದು ಯಾವುದು ಎಂದು ಹೇಳಲಾಗದು. ಡೆನ್ಮಾರ್ಕಿನಲ್ಲಿ ವಿರೋಧಿಸಿದವರ ವಾದದಲ್ಲೂ ಈ ಅಂಶವಿತ್ತು: ಬೇರೆ ಕಡೆಯಿಂದಲೂ ಹಣ ಹೊಂದಿಸಬಹುದು, ರಜೆಯನ್ನೇ ಯಾಕೆ? ಕಾರ್ಮಿಕ ಸಂಘಗಳಿಗೆ ಇನ್ನೂ ಒಂದು ಸಿಟ್ಟು. ಮಾಲೀಕರ ಜತೆ ಕುಳಿತು ತೀರ್ಮಾನಿಸಬೇಕಾದ ಕೆಲಸದ ದಿನಗಳನ್ನು ಸಂಸತ್ತು ಕಾನೂನಿನಿಂದ ಬದಲಿಸಿತು ಎಂದು. ಬಿಷಪ್ಪರೂ ತಮ್ಮನ್ನು ಕೇಳಲಿಲ್ಲವೆಂದರು. ಫೆಬ್ರವರಿ 5ರಂದು ಕೋಪನ್‌ಹೇಗನ್ನಿನಲ್ಲಿ ನಡೆದ ಪ್ರತಿಭಟನೆಗೆ, ಸಂಘಟಕರ ಲೆಕ್ಕದಲ್ಲಿ, ಐವತ್ತು ಸಾವಿರ ಜನ ಸೇರಿದರು. ಸರ್ಕಾರದ ಪರವಾಗಿ ಮಾತಾಡಲು ಒಬ್ಬ ಹುಡುಗನನ್ನು ಎಬ್ಬಿಸಿದೆ. “ಪಕ್ಕದಲ್ಲೇ ಯುದ್ಧ ನಡೀತಿದೆ. ಒಂದು ದಿನ ಎಲ್ಲರೂ ಸೇರಿ ದುಡಿದರೆ ಏನು ಹೋಗುತ್ತೆ? ಒಬ್ಬರ ಮೇಲೇ ಹಾಕಿಲ್ಲವಲ್ಲ” ಎಂದ. ಅಲ್ಲಿನ ಮಂತ್ರಿಗಳ ವಾದವೂ ಹೆಚ್ಚು ಕಡಿಮೆ ಇದೇ. ನನ್ನ ಅನಿಸಿಕೆ ಹೇಳಬೇಕೆಂದರೆ, ಲೆಕ್ಕದಲ್ಲಿ ಆ ಸರ್ಕಾರದ ವಾದ ಸಡಿಲು. ಆದರೆ ಬೆಲೆಯನ್ನು ಬಚ್ಚಿಡದೆ ಜನರ ಮುಂದಿಟ್ಟಿತು ಎಂಬ ಮಟ್ಟಿಗೆ ಪ್ರಾಮಾಣಿಕ. ತರಗತಿಯಲ್ಲಿ ಇದನ್ನು ಹೇಳಲಿಲ್ಲ.

ಇನ್ನು ಶೇಕಡಾ ಲೆಕ್ಕ. ಪ್ರಶಿಕ್ಷಣಾರ್ಥಿಗಳು ಇಲ್ಲಿ ಎಡವುತ್ತಾರೆ, ಏಕೆಂದರೆ ‘ಶೇ. 2’ ಎಂದ ಕೂಡಲೇ ಆಯವ್ಯಯದ ಶೇ. 2 ಎಂದುಕೊಳ್ಳುತ್ತಾರೆ. ಅದು ಜಿಡಿಪಿಯ, ಅಂದರೆ ದೇಶದಲ್ಲಿ ಒಂದು ವರ್ಷ ಉತ್ಪಾದನೆಯಾದ ಎಲ್ಲದರ ಮೌಲ್ಯದ ಪಾಲು. ಒಂದು ಊಹೆಯ ದೇಶ ಕೊಟ್ಟೆ. ಜಿಡಿಪಿ 1000 ಕೋಟಿ, ರಕ್ಷಣೆಗೆ 20 ಕೋಟಿ: ಶೇ. 2. ಜಿಡಿಪಿ 1250 ಕೋಟಿಗೆ ಬೆಳೆದರೆ ಅದೇ 20 ಕೋಟಿ ಶೇ. 1.6 ಆಗುತ್ತದೆ, ಒಂದು ರೂಪಾಯಿಯನ್ನೂ ಕಡಿಮೆ ಮಾಡದೆ ‘ಗುರಿ ಮುಟ್ಟದ ದೇಶ’. ಜಿಡಿಪಿ 800 ಕೋಟಿಗೆ ಕುಸಿದರೆ ಶೇ. 2.5; ಒಂದು ರೂಪಾಯಿಯನ್ನೂ ಹೆಚ್ಚಿಸದೆ ‘ಗುರಿ ಮೀರಿದ ದೇಶ’. ಮಕ್ಕಳು ನಂಬಲಿಲ್ಲ, ಎರಡು ಸಲ ಗುಣಾಕಾರ ಮಾಡಿದರು. ಆಗ ಗ್ರೀಸ್ ತೋರಿಸಿದೆ. ಸಾಲದ ಬಿಕ್ಕಟ್ಟಿನಲ್ಲಿ ಅದರ ಅರ್ಥವ್ಯವಸ್ಥೆ ಸುಮಾರು ಕಾಲು ಭಾಗ ಕುಗ್ಗಿತ್ತು. ಆದರೂ 2014ರಲ್ಲಿ ಶೇ. 2 ಮುಟ್ಟಿದ್ದ ಮೂರೇ ನ್ಯಾಟೊ ದೇಶಗಳಲ್ಲಿ ಅದೂ ಒಂದಾಗಿತ್ತು. ಸೈನ್ಯ ಎಷ್ಟು ಸಿದ್ಧವಾಗಿದೆ ಎಂಬುದನ್ನು ಈ ಅಳತೆ ಹೇಳುವುದೇ ಇಲ್ಲ, ಎಷ್ಟು ಖರ್ಚಾಯಿತು ಎಂದಷ್ಟೇ ಹೇಳುತ್ತದೆ.

ಯಾರ ಪಾಲಿನಿಂದ ಎಂಬ ಪ್ರಶ್ನೆಯನ್ನು ಗಟ್ಟಿ ಮಾಡಲು ಬ್ರಿಟನ್ನಿನ ಉದಾಹರಣೆ ಚಿಕ್ಕದಾಗಿ ಕೊಟ್ಟೆ. 2025ರ ಫೆಬ್ರವರಿ 25ರಂದು ಪ್ರಧಾನಿ ಕೀರ್ ಸ್ಟಾರ್ಮರ್, 2027ರ ಹೊತ್ತಿಗೆ ರಕ್ಷಣಾ ವೆಚ್ಚವನ್ನು ಶೇ. 2.5ಕ್ಕೆ ಏರಿಸುವುದಾಗಿ ಹೇಳಿದರು. ಅದಕ್ಕಾಗಿ ಬಡ ದೇಶಗಳಿಗೆ ಕೊಡುವ ನೆರವನ್ನು ರಾಷ್ಟ್ರೀಯ ಆದಾಯದ ಶೇ. 0.5ರಿಂದ 0.3ಕ್ಕೆ ಇಳಿಸಿದರು. ನೆರವಿನ ಖಾತೆಯ ಮಂತ್ರಿ ಆನಲೀಸ್ ಡಾಡ್ಸ್ ಮೂರೇ ದಿನದಲ್ಲಿ ರಾಜೀನಾಮೆ ಕೊಟ್ಟರು. “ಡೆನ್ಮಾರ್ಕಿನವರು ರಜೆ ಹೋಯ್ತು ಅಂತ ಬೀದಿಗೆ ಬಂದ್ರು. ಇವರು ಯಾರ ಹತ್ರ ಹೋಗಿ ಕೇಳ್ತಾರೆ ಸಾರ್? ಅಲ್ಲಿ ಇವರಿಗೆ ಓಟೇ ಇಲ್ಲವಲ್ಲ” ಎಂದಳು ಮುಂದಿನ ಬೆಂಚಿನವಳು. ಉಳಿದ ಮಕ್ಕಳು ಅವಳತ್ತ ತಿರುಗಿ ನೋಡಿದರು. ಆ ಎರಡು ದೇಶಗಳನ್ನು ಅಕ್ಕಪಕ್ಕ ಇಟ್ಟದ್ದಕ್ಕೆ ಅಷ್ಟು ಸಾಕಾಗಿತ್ತು.

ಸಮಯವಿದ್ದರೆ 2025ರ ಜೂನಿನ ಹೇಗ್ ಶೃಂಗಸಭೆಯನ್ನೂ ತರಬಹುದು. ಅಲ್ಲಿ ಗುರಿ 2035ರ ಹೊತ್ತಿಗೆ ಶೇ. 5ಕ್ಕೆ ಏರಿತು: ಶೇ. 3.5 ನೇರ ರಕ್ಷಣೆಗೆ, ಶೇ. 1.5 ರಸ್ತೆ, ಸೇತುವೆ, ಸೈಬರ್ ಸುರಕ್ಷತೆಯಂಥ ಸಂಬಂಧಪಟ್ಟ ಕೆಲಸಗಳಿಗೆ. ತನಗೆ ಶೇ. 2.1 ಸಾಕು, ಶೇ. 5 ಎಂದರೆ ಜನಕಲ್ಯಾಣದ ವ್ಯವಸ್ಥೆ ನಡೆಯದು ಎಂದು ಸ್ಪೇನಿನ ಪ್ರಧಾನಿ ಪೆದ್ರೊ ಸಾಂಚೆಸ್ ಪಟ್ಟು ಹಿಡಿದರು. ವ್ಯಾಪಾರದಲ್ಲಿ ಇದಕ್ಕೆ ದುಪ್ಪಟ್ಟು ತೆರಿಸುತ್ತೇನೆ ಎಂದು ಟ್ರಂಪ್ ಬೆದರಿಸಿದರು. ಇಟಲಿಯಲ್ಲಂತೂ ಸಿಸಿಲಿ ದ್ವೀಪಕ್ಕೆ ಕಟ್ಟಬೇಕೆಂದಿರುವ ಸೇತುವೆಯನ್ನೂ ರಕ್ಷಣೆಯ ಲೆಕ್ಕಕ್ಕೆ ಸೇರಿಸಬಹುದೇ ಎಂಬ ಚರ್ಚೆ ನಡೆಯಿತು. ‘ಯಾವುದು ರಕ್ಷಣಾ ವೆಚ್ಚ?’ ಎಂಬ ಗುಂಪು ಚಟುವಟಿಕೆಗೆ ಇದಕ್ಕಿಂತ ಒಳ್ಳೆಯ ಸಾಮಗ್ರಿ ಸಿಗದು. ನನಗೆ ಸಮಯ ಸಾಲಲಿಲ್ಲ.

ಏಕೆಂದರೆ ಡೆನ್ಮಾರ್ಕಿನ ಮುಂದಿನ ಕಥೆ ಹೇಳಬೇಕಿತ್ತು. 2025ರ ಫೆಬ್ರವರಿಯಲ್ಲಿ ಅದೇ ಸರ್ಕಾರ ಎರಡು ವರ್ಷಕ್ಕೆಂದು ಹೆಚ್ಚುವರಿ 5,000 ಕೋಟಿ ಕ್ರೋನ್ ರಕ್ಷಣೆಗೆ ತೆಗೆದಿಟ್ಟಿತು, ಪಾಲು ಶೇ. 3 ದಾಟಿತು. ಹಲಗೆಯ ಮೇಲೆ 300 ಕೋಟಿಯ ಕೆಳಗೆ 5,000 ಕೋಟಿ ಬರೆದೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ನಂತರ ಬಾಣ ಹಾಕಿದ್ದ ಹುಡುಗನೇ ಕೇಳಿದ: “ಹಾಗಾದ್ರೆ ರಜೆ ವಾಪಸ್ ಕೊಟ್ರಾ ಸಾರ್?” ಇಲ್ಲ ಎಂದೆ.

ಗಂಟೆಗೆ ಮೂರು ನಿಮಿಷವಿತ್ತು. ಮೂರನೇ ಬೆಂಚಿನ ಹುಡುಗಿ ಎದ್ದು ನಿಂತಳು. “ಸಾರ್, ಪಿಂಚಣಿಯೂ ಆ ಶೇಕಡಾದಲ್ಲಿ ಸೇರುತ್ತಾ?”

ಸೇರುತ್ತದೆ. ನ್ಯಾಟೊ ಲೆಕ್ಕದಲ್ಲಿ ನಿವೃತ್ತ ಸೈನಿಕರ ಪಿಂಚಣಿಯೂ ರಕ್ಷಣಾ ವೆಚ್ಚವೇ. ನಮ್ಮಲ್ಲೂ 2025–26ರ ಆಯವ್ಯಯದಲ್ಲಿ ರಕ್ಷಣಾ ಸಚಿವಾಲಯಕ್ಕೆ ಇಟ್ಟ ಸುಮಾರು 6.81 ಲಕ್ಷ ಕೋಟಿ ರೂಪಾಯಿಯಲ್ಲಿ 1.60 ಲಕ್ಷ ಕೋಟಿ ಪಿಂಚಣಿಯದು. ಭಾಗಿಸಿ ನೋಡಿ ಎಂದೆ. ಮೊದಲು ಉತ್ತರ ತಂದವಳು ಅವಳೇ: ನೂರಕ್ಕೆ ಇಪ್ಪತ್ಮೂರೂವರೆ. ಮೊದಲ ದಿನ ಶಾಲೆಗೆಂದು ಕೈ ಎತ್ತಿದ್ದ ಪಕ್ಕದವಳು ಅವಳ ಪುಸ್ತಕ ನೋಡಿ ಉತ್ತರ ಬರೆದುಕೊಂಡಳು. ಬಂದೂಕು, ವಿಮಾನ ಎಂದಷ್ಟೇ ಆ ಮಕ್ಕಳು ಎಣಿಸಿಕೊಂಡಿದ್ದ ಬಾಬ್ತಿನಲ್ಲಿ ಅವರ ಸಹಪಾಠಿಯ ಶಾಲಾ ಶುಲ್ಕವೂ ಇತ್ತು.

ಮರುದಿನ ಪ್ರಶಿಕ್ಷಣಾರ್ಥಿಯ ಪಾಠ ನೋಡಲು ಹೋದಾಗ ಆ ಹುಡುಗಿ ಬಾಗಿಲ ಬಳಿ ಕಾಯುತ್ತಿದ್ದಳು. “ಸಾರ್, ತಾತಂಗೆ ಎಲ್ಲ ಹೇಳಿದೆ. ಒಂದು ಪ್ರಶ್ನೆ ಕೇಳ್ಕೊಂಡು ಬಾ ಅಂದ್ರು. ಡೆನ್ಮಾರ್ಕಿನಲ್ಲಿ ಸೈನಿಕರಿಗೂ ಆ ರಜೆ ಹೋಯ್ತಾ?”

ಕಾನೂನು ಎಲ್ಲರಿಗೂ ಒಂದೇ, ಅವರಿಗೂ ಹೋಯಿತು ಎಂದೆ. “ನಾನೂ ಹಾಗೇ ಅಂದ್ಕೊಂಡೆ, ಅಂತಾರೆ ನೋಡಿ ತಾತ” ಎಂದು ನಗುತ್ತಾ ಒಳಗೆ ಹೋದಳು.